ಖಾಲಾ ಕೊಡದ ಎರಡು ಸೀಖು

ಕಬಾಬು ಸುಡುವ ಆ ಎರಡು ಸೀಖುಗಳನ್ನು ಕದ್ದವಳು ನಾನು. ಎದುರುಮನೆಯ ಜುಬೇದಾ ಖಾಲಾ ಕೊಟ್ಟಿರಲಿಲ್ಲ. "ಖಾಲಾ ಕೊಟ್ರು" ಎಂದು ಎಲ್ಲರೆದುರು ನಾನು ಹೇಳಿದ್ದು ಹಸೀ ಸುಳ್ಳು. ಒಂಬತ್ತು ವರ್ಷದ ಬಾಯಿಂದ ಬಂದದ್ದು, ನಿಜ — ಆದರೆ ಆಮೇಲೆ ಐವತ್ತು ವರ್ಷ ಸುಮ್ಮನಿದ್ದ ಬಾಯಿ ಒಂಬತ್ತು ವರ್ಷದ್ದಲ್ಲ.

ಇಲ್ಲಿ ನನ್ನ ಅಡುಗೆಯ ಫೋಟೊ ನೋಡಿ ನೀವೆಲ್ಲ ಕೇಳುತ್ತಲೇ ಇರುತ್ತೀರಿ: "ಅಕ್ಕಾ, ಸುವರ್ಣಗಡ್ಡೆ ಕಬಾಬನ್ನ ಹೆಂಚಿನ ಮೇಲೇ ಯಾಕೆ ಮಾಡ್ತೀರಿ, ಕೆಂಡದ ಮೇಲೆ ಯಾಕಿಲ್ಲ?" ಪ್ರತಿ ಸಲ ಏನೋ ಒಂದು ಹೇಳಿ ಜಾರಿಕೊಂಡಿದ್ದೇನೆ. ಮನೆಯ ಗ್ಯಾಲರಿ ಚಿಕ್ಕದು, ಹೊಗೆ ಆಗುತ್ತದೆ... ಇವತ್ತು ಜಾರುವುದಿಲ್ಲ.

ನಾವು ಹುಬ್ಬಳ್ಳಿ ಕಡೆಯವರು. ಪೈಠಣದ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಅಪ್ಪ ಅಲ್ಲಿ ಓವರ್‌ಸಿಯರ್. ವಾರವಿಡೀ ಅಲ್ಲೇ ಇದ್ದು, ಶನಿವಾರ ಔರಂಗಾಬಾದಿಗೆ — ಈಗ ಬಸ್ಸಿನ ಬೋರ್ಡಿನಲ್ಲಿ ಸಂಭಾಜಿನಗರ — ನಮ್ಮ ಹತ್ತಿರ ಬರುತ್ತಿದ್ದ. ಹಳೆಯ ವಾಡೆಯೊಂದರಲ್ಲಿ ನಮ್ಮ ಮನೆ, ಎದುರಿಗೆ ಜುಬೇದಾ ಖಾಲಾ ಅವರದು, ನಡುವೆ ಒಂದೇ ಅಂಗಳ. ರವಿವಾರ ಖಾಲಾ ಅಂಗಳದಲ್ಲಿ ಇದ್ದಿಲಿನ ಶಿಗಡಿ ಹೊತ್ತಿಸಿ, ಕೊಚ್ಚಿದ ಮಾಂಸದ ಖೀಮಾವನ್ನು ಕಬ್ಬಿಣದ ಚಪ್ಪಟೆ ಸೀಖಿಗೆ ಒತ್ತಿ ಸುಡುತ್ತಿದ್ದರು. ನಾನು ಕಂಬ ಹಿಡಿದು ನಿಂತು ಮೂಗು ಅರಳಿಸುತ್ತಿದ್ದೆ. ನಮ್ಮದು ಮಾಂಸ ಮುಟ್ಟದ ಮನೆ. ಬೇರೆ ತಾಯಿಯಾಗಿದ್ದರೆ ಕಿವಿ ಹಿಂಡಿ ಒಳಗೆ ಎಳೆದುಕೊಂಡು ಹೋಗುತ್ತಿದ್ದಳು. ನನ್ನವ್ವ ಅಂದದ್ದೇ ಬೇರೆ: "ವಾಸನಿ ಏನ್ ಪಾಪ ಮಾಡೇದ? ನಡೀ, ಅದನ್ನ ನಮ್ಮನ್ಯಾಗೂ ಮಾಡೋಣು."

ಮಾಡಿದಳು! ಅಪ್ಪನ ಹರಿದ ಛತ್ರಿಯಿಂದ ಎಂಟು ಕಡ್ಡಿ ಬಿಚ್ಚಿ, ಖಾಲಾ ಅವರ ಸೀಖಿನೊಡನೆ ಬೆರೆಯದಿರಲೆಂದು ತುದಿಗೆ ಕೆಂಪು ದಾರ ಕಟ್ಟಿದಳು. ಸುವರ್ಣಗಡ್ಡೆ ಬೇಯಿಸಿ, ನೆನೆಸಿದ ಕಡ್ಲೆಬೇಳೆ ರುಬ್ಬಿ, ಬೆಳ್ಳುಳ್ಳಿ ಪುದೀನ ಹಾಕಿ, ಉದುರದಿರಲೆಂದು ಹುರಿಗಡಲೆಯ ಪುಟಾಣಿ ಹಿಟ್ಟು ಸೇರಿಸಿ, ಒದ್ದೆ ಕೈಯಿಂದ ಕಡ್ಡಿಗೆ ಒತ್ತುವುದು. ಕೆಂಡ ಮಾತ್ರ ಖಾಲಾ ಅವರ ಶಿಗಡಿಯಿಂದ. ಇಕ್ಕಳದಲ್ಲಿ ನಾಲ್ಕು ಕೆಂಡ ಹಿಡಿದು ಅಂಗಳ ದಾಟುತ್ತ ಅವ್ವ ಅನ್ನುತ್ತಿದ್ದಳು, "ಬೆಂಕೀಗೆ ಎಲ್ಲೀ ಮೈಲಿಗಿ?"

ಒಂದೇ ತೊಡಕು. ಅಸಲಿ ರುಚಿ ಅವ್ವನಿಗೆ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ. ಹಾಗಾಗಿ ಅವಳ ನಾಲಿಗೆ ಖಾಲಾ ಅವರ ಬಾಯಲ್ಲಿತ್ತು. ಖಾಲಾ ತಿಂದು, ಕಣ್ಣು ಮುಚ್ಚಿ, ತೀರ್ಪು ಕೊಡಬೇಕು. ಮೊದಲ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು: "ಭೋತ್ ಶರೀಫ್ ಕಬಾಬ್ ಹೈ ಭಾಬಿ! ಥೋಡಾ ಬಿಗಾಡೋ ಇಸ್ಕೋ!" ತೀರಾ ಸಭ್ಯ ಕಬಾಬು, ಇದನ್ನು ಒಂಚೂರು ಕೆಡಿಸು ಅಂತ. ಅವ್ವ ಬಿಡುತ್ತಾಳೆಯೇ? "ನಮ್ಮನಿ ಗಡ್ಡಿ ಐತ್ರೀ, ಶರೀಫಚ್ ರಹೇಗಾ!" ಸಭ್ಯವಾಗೇ ಇರುತ್ತದೆ ಅಂತ. ಆದರೂ ಕೆಡಿಸಿದಳು. ಕರಿಮೆಣಸು ಏರಿತು, ತುಪ್ಪದ ಹನಿ ಕೆಂಡಕ್ಕೆ ಬಿದ್ದು ಹೊಗೆ ಹತ್ತಿತು. ಎಷ್ಟೋ ರವಿವಾರಗಳಾದ ಮೇಲೆ ಖಾಲಾ ಒಂದು ದಿನ ತೀರ್ಪು ಕೊಡುವುದನ್ನೇ ಮರೆತು ಇನ್ನೊಂದಕ್ಕೆ ಕೈ ಚಾಚಿದರು. ಆ ದಿನ ಅವ್ವನ ಮುಖ — ಹೇಗೆ ಹೇಳಲಿ...

ಆಮೇಲೆ ನಮ್ಮತ್ತೆ ಬಂದಳು, ಅಪ್ಪನ ಅಕ್ಕ. ಲಿಂಗಪೂಜೆಯಾಗದೆ ನೀರೂ ಕುಡಿಯದವಳು. ಅಲ್ಲೇ ಹತ್ತಿರದ ವೇರೂಳಿನ ಶಿವನ ದರ್ಶನ ಮುಗಿಸಿ ರವಿವಾರ ಮಧ್ಯಾಹ್ನ ಮನೆಗೆ ಬರುವವಳಿದ್ದಳು. ಅವ್ವ ಎಲ್ಲ ಸಿದ್ಧ ಮಾಡಿ, "ಕಡ್ಡಿ ತೊಗೊಂಬಾ" ಅಂದಳು.

ಕಡ್ಡಿ ಇದ್ದದ್ದು ಆರು. ಎರಡು ಬಾವಿಯ ತಳದಲ್ಲಿದ್ದವು. ಹಿಂದಿನ ದಿನ ಹುಣಸೆಕಾಯಿ ಉದುರಿಸಲು ಒಯ್ದು ಬೀಳಿಸಿದ್ದೆ, ಯಾರಿಗೂ ಹೇಳಿರಲಿಲ್ಲ. ಖಾಲಾ ಅವರ ಸೀಖುಗಳು ಗೋಡೆಯ ಮೇಲೆ ತೊಳೆದು ಒಣಹಾಕಿದ್ದವು. ಎರಡನ್ನು ಎತ್ತಿದೆ, ಬೂದಿ ಹಚ್ಚಿ ತಿಕ್ಕಿದೆ, ಕೆಂಪು ದಾರ ಕಟ್ಟಿದೆ. ಆಮೇಲೆ, "ಇವತ್ ನಾ ಒತ್ತತೀನಿ ಅವ್ವಾ" ಅಂದೆ. ಮಗಳು ಕೆಲಸ ಕಲಿಯುತ್ತಿದ್ದಾಳೆಂದು ಅವ್ವನಿಗೆ ಎಷ್ಟು ಖುಷಿ! ಸುವರ್ಣಗಡ್ಡೆಯ ಅಡಿಯಲ್ಲಿ ಚಪ್ಪಟೆ ಕಬ್ಬಿಣ ಮುಚ್ಚಿಹೋಯಿತು.

ಅತ್ತೆ ಬಂದಳು, ತಿಂದಳು, ಮೆಚ್ಚಿದಳು. ನಾಲ್ಕನೆಯದನ್ನು ಸೀಖಿನಿಂದ ಎಳೆದವಳು, ಆ ಕಬ್ಬಿಣವನ್ನು ಕಣ್ಣ ಹತ್ತಿರ ಹಿಡಿದಳು.

"ಏ, ಇದೇನ ಇದು, ಚಪ್ಪಟಿ ಐತಿ? ಯಾರದು?"

ಅದೇ ಹೊತ್ತಿಗೆ ಖಾಲಾ, "ಕೈಸಾ ಬನಾ?" ಎನ್ನುತ್ತ ನಮ್ಮ ಕಟ್ಟೆಯ ಹತ್ತಿರ ಬಂದರು. ಅವ್ವ ಆ ಸೀಖನ್ನು ನೋಡಿದಳು, ನನ್ನನ್ನು ನೋಡಿದಳು. "ಎಲ್ಲಿಂದ ಬಂತ ಇದು?"

"ಖಾಲಾ ಕೊಟ್ರು. ತೊಳದಾವ, ನಡೀತೈತಿ ಅಂದ್ರು."

ಖಾಲಾ ನನ್ನ ಕೈ ನೋಡಿದರು. ಉಗುರಿನಲ್ಲಿ ಇನ್ನೂ ಬೂದಿ ಇತ್ತು. ಅವರಿಗೆ ಎಲ್ಲವೂ ತಿಳಿಯಿತು — ತಿಳಿಯಿತೆಂದು ನನಗೂ ತಿಳಿಯಿತು. ಆಮೇಲೆ ಅವರು ಅವ್ವನ ಕಡೆ ತಿರುಗಿ ಅಂದರು:

"ಹೌ ಭಾಬಿ, ಮೈಚ್ ದಿಯಾ. ಗಲ್ತಿ ಮೇರಿಚ್ ಹೈ."

ಹೌದು, ನಾನೇ ಕೊಟ್ಟೆ, ತಪ್ಪು ನನ್ನದೇ ಅಂದುಬಿಟ್ಟರು!

ಅತ್ತೆ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಕೊಂಡು, ತಲೆಮೇಲೆ ನೀರು ಸುರಿದುಕೊಂಡು, ಮರುದಿನದ ಗಾಡಿಗೆ ಹೊರಟಳು. "ನಿನ್ನ ಮನ್ಯಾಗ ಇನ್ನ ಹನಿ ನೀರು ಮುಟ್ಟಂಗಿಲ್ಲ" ಎಂದು ಅವ್ವನಿಗೆ ಅಂದದ್ದನ್ನು ಸಾಯುವವರೆಗೂ ನಡೆಸಿದಳು. ಅದರ ದುಃಖ ನನಗೆ ಅಷ್ಟಿಲ್ಲ, ಮುಚ್ಚಿಡುವುದೇಕೆ. ನನ್ನನ್ನು ತಿನ್ನುವುದು ಬೇರೆ. ಅವ್ವ ಖಾಲಾ ಅವರಿಗೆ ಒಂದು ಮಾತೂ ಬೈಯಲಿಲ್ಲ. ಅವರ ಶಿಗಡಿಯಿಂದ ಕೆಂಡ ತರುವುದನ್ನಷ್ಟೇ ಬಿಟ್ಟಳು. ಕಬಾಬು ಒಳಗೆ, ಹೆಂಚಿಗೆ ಬಂತು. ಅಂಗಳ ಅಷ್ಟೇ ಅಗಲ ಇತ್ತು, ಆದರೆ ಇಬ್ಬರಲ್ಲಿ ಯಾರೂ ದಾಟಲಿಲ್ಲ.

"ಸೀಖು ಅವರಿಗೆ ಕೊಟ್ಟು ಬಾ" ಎಂದು ಅವ್ವ ಕಳಿಸಿದ್ದಳು. ಅವರ ಮುಖ ನೋಡುವ ಧೈರ್ಯವಾಗದೆ ಟ್ರಂಕಿನ ತಳದಲ್ಲಿ ಬಚ್ಚಿಟ್ಟೆ, ಕೊಟ್ಟೆ ಅಂದೆ. ಇದು ಎರಡನೆಯ ಸುಳ್ಳು. ಮರುವರ್ಷ ಅಪ್ಪನಿಗೆ ನಾಶಿಕಕ್ಕೆ ವರ್ಗವಾಯಿತು. ಹೊರಡುವ ದಿನ ಖಾಲಾ ಬಾಗಿಲಲ್ಲೇ ನಿಂತು ನನ್ನ ಕೆನ್ನೆ ಸವರಿ, "ಅಮ್ಮಾಕು ಸತಾನಾ ನಕ್ಕೋ, ಮುನ್ನಿ" ಅಂದರು — ಅಮ್ಮನನ್ನು ಕಾಡಬೇಡ. ಅವ್ವ ಟಾಂಗಾದಲ್ಲಿ ಆ ಕಡೆ ಮುಖ ಮಾಡಿ ಕೂತಿದ್ದಳು.

ಅವ್ವ ಹೋದ ವರ್ಷ ತೀರಿಕೊಂಡಳು. ಕೊನೆಕೊನೆಗೆ ಒಮ್ಮೆ, "ಜುಬೇದಾ ಹಂಗ ಮಾಡಬಾರದಿತ್ತು... ಎಷ್ಟ್ ಛಲೋ ನಗತಿದ್ಲು" ಅಂದಳು. ನಾನು ಹಾಸಿಗೆಯ ಪಕ್ಕದಲ್ಲೇ ಇದ್ದೆ. ಆಗಲೂ ಹೇಳಲಿಲ್ಲ. ಅದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ಕಳೆದ ತಿಂಗಳು ನಾಶಿಕದ ಒಂದು ಮದುವೆಯಲ್ಲಿ ಖಾಲಾ ಅವರ ಮಗಳು ನಸೀಮ್ ನನ್ನ ಗುರುತು ಹಿಡಿದಳು. ಖಾಲಾ ಇದ್ದಾರೆ. ಅದೇ ಓಣಿ, ಕಣ್ಣು ಮಂದ. ಈಗಲೂ ಕೇಳುತ್ತಾರಂತೆ, "ಆ ಶರೀಫ್ ಕಬಾಬಿನ ಭಾಬಿ ಹೇಗಿದ್ದಾಳೆ?" ಅಂತ.

ನಿಮಗೆ ಕನ್ನಡದಲ್ಲಿ ಹೇಳಿಕೊಂಡೆ. ಇದು ಸುಲಭ, ಖಾಲಾ ಅವರಿಗೆ ಕನ್ನಡ ಬಾರದು. ಸುಳ್ಳು ಹೇಳಿದ್ದು ಎಲ್ಲರೆದುರು, ನಿಜವನ್ನೂ ಅವರ ಮನೆಮಂದಿಯೆದುರೇ ಹೇಳಬೇಕು. ರವಿವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇನೆ. ಚೀಲದಲ್ಲಿ ಎರಡು ಸೀಖು, ಒಂದು ಸುವರ್ಣಗಡ್ಡೆ. ಹೇಳಬೇಕಾದ ಮಾತನ್ನು ಮೂರು ದಿನದಿಂದ ಬಾಯಿಪಾಠ ಮಾಡುತ್ತಿದ್ದೇನೆ: "ಖಾಲಾ, ವೋ ಸೀಖಾಂ ಆಪ್ ನೈ ದಿಯೇ. ಮೈ ಚುರಾಯೀ." ಆ ಸೀಖು ನೀವು ಕೊಟ್ಟದ್ದಲ್ಲ, ನಾನು ಕದ್ದದ್ದು.

ಅವರು ಮತ್ತೆ "ಮೈಚ್ ದಿಯಾ" ಅನ್ನಬಹುದು. ಅನ್ನುವವರೇ ಅವರು. ಈ ಸಲ ನಾನು ಒಪ್ಪಿಕೊಳ್ಳುವುದಿಲ್ಲ.