ಚಿಕ್ಕಪ್ಪನ ಪುಣ್ಯಾತ್ಮ

ನಮ್ಮ ಚಿಕ್ಕಪ್ಪನದು ಬೀಗ ರಿಪೇರಿ ಕೆಲಸ. ಬಸ್ ನಿಲ್ದಾಣದ ಎದುರು ಅವನ ಗೂಡಂಗಡಿ. ಒಳಗೆ ಅವನು ಕೂತರೆ ಬೀಗಗಳು ಹೊರಗೆ ನೇತಾಡಬೇಕು, ಅಷ್ಟು ಇಕ್ಕಟ್ಟು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ದೇವರ ಜೊತೆ ಮಾತಾಡುತ್ತಿತ್ತು. ಪ್ರಾರ್ಥನೆ ಅಂದುಕೊಳ್ಳಬೇಡಿ, ಪಕ್ಕದ ಅಂಗಡಿಯವನ ಜೊತೆ ಆಡುವಂಥ ಮಾತು. "ಆ ಸ್ಪ್ರಿಂಗ್ ಎಲ್ಲಿ ಹಾರಿಸಿದೆ ಪುಣ್ಯಾತ್ಮ? ಹುಡುಕಿಕೊಡು." ಸಿಕ್ಕರೆ, "ಬದುಕಿಕೊಂಡೆ, ಹೋಗು." ಸಿಗದಿದ್ದರೆ ಸಂಜೆಯವರೆಗೂ ದೇವರ ಜೊತೆ ಮಾತು ಬಿಡುತ್ತಿದ್ದ.

ಚಿಕ್ಕಮ್ಮ ಮಾತ್ರ ವಾರವಾರ ತಪ್ಪದೆ ಪ್ರಾರ್ಥನಾ ಮಂದಿರಕ್ಕೆ ಹೋಗುವವಳು. ಅಲ್ಲಿನ ಗುರುಗಳಿಗೆ ಚಿಕ್ಕಪ್ಪನನ್ನು ದಾರಿಗೆ ತರುವ ಹಟ. ಒಮ್ಮೆ ಅಂಗಡಿಗೇ ಬಂದರು.

"ದೇವರನ್ನ ನಂಬಲ್ವೇನಯ್ಯ?"

"ನಂಬದೆ ಏನು? ಬೆಳಗ್ಗೆಯಿಂದ ಅವನ ಜೊತೇನೇ ಜಗಳ."

"ಅದಕ್ಕೊಂದು ಕ್ರಮ ಇದೆ. ಬಾಯಿಗೆ ಬಂದ ಹಾಗೆ ಮಾತಾಡಿದ್ರೆ ಅವನಿಗೆ ತಲುಪಲ್ಲ."

"ತಲುಪದಿದ್ರೆ ಇಷ್ಟು ವರ್ಷ ನನ್ನ ತಲೆ ತಿಂತಿರೋನು ಯಾರು ಗುರುಗಳೇ?"

ಗುರುಗಳು ಮುಖ ಗಂಟಿಕ್ಕಿಕೊಂಡು ಹೋದರು.

ಅದಾದ ಮೇಲೆ ಒಂದು ದಿನ ಚಿಕ್ಕಮ್ಮ, ಅವಳ ತಾಯಿ, ನಾನು ಮೂವರೂ ಮಂದಿರಕ್ಕೆ ಹೋಗಿದ್ದೆವು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಜೋರು ಗಾಳಿ ಬೀಸಿ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಹಳೇ ಬೀಗ ಒಳಗೇ ಸಿಕ್ಕಿಹಾಕಿಕೊಂಡಿತು. ಬೇರೆ ಬಾಗಿಲಿಲ್ಲ, ಕಿಟಕಿಗಳಿಗೆಲ್ಲ ಹೊರಗಿನಿಂದ ಸರಳಿನ ಚೌಕಟ್ಟು. ಎಲ್ಲರೂ ಚಿಕ್ಕಮ್ಮನ ಮುಖ ನೋಡಿದರು. ಅವಳು ತಲೆ ತಗ್ಗಿಸಿಕೊಂಡೇ ಗಂಡನಿಗೆ ಫೋನ್ ಮಾಡಿದಳು.

ಚಿಕ್ಕಪ್ಪ ಬಂದು ಮೊಣಕಾಲೂರಿ ಬೀಗದ ಕಿಂಡಿಗೆ ಕಣ್ಣಿಟ್ಟ. ಒಳಗಿನಿಂದ ಗುರುಗಳ ಕಣ್ಣು ಕಾಣಿಸಿತಂತೆ.

"ಕೊನೆಗೂ ಮಂದಿರಕ್ಕೆ ಬಂದೆಯಲ್ಲ!"

"ಬಂದೆ. ಆದ್ರೆ ಸಿಕ್ಕಿಹಾಕ್ಕೊಂಡೋರು ನೀವು."

ಕಡ್ಡಿ ತೂರಿಸಿ ಅಲ್ಲಾಡಿಸುತ್ತಾ ಅವನು ತನ್ನ ಮಾಮೂಲಿ ಮಾತುಕತೆ ಶುರು ಮಾಡಿದ. ಒಳಗೆ ಎಲ್ಲರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

"ನೋಡು ಪುಣ್ಯಾತ್ಮ, ನನ್ನ ಹೆಂಡ್ತಿ ಒಳಗಿದ್ದಾಳೆ. ಬೇಗ ಬಿಡಿಸು. ಅತ್ತೇನೂ ಇದ್ದಾರೆ. ಅವರ ವಿಷಯದಲ್ಲಿ ಅಂಥ ಅವಸರ ಏನಿಲ್ಲ."

"ಕೇಳಿಸ್ತು ಅಳಿಯಂದಿರೇ!" ಎಂದರು ಅತ್ತೆ, ಮೊದಲ ಸಾಲಿನಿಂದಲೇ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಕಟ್ ಎಂದು ಸದ್ದಾಯಿತು. ಬೀಗ ತೆರೆದಿರಲಿಲ್ಲ, ಕಡ್ಡಿ ಮುರಿದಿತ್ತು.

"ಮಾಡಿದೆಯಲ್ಲ ಕೆಲಸ! ಇವತ್ತು ನಿನ್ನ ಜೊತೆ ಮಾತಿಲ್ಲ" ಎಂದು ದೇವರನ್ನು ಬೈದು ಚಿಕ್ಕಪ್ಪ ಕಿಟಕಿಯ ಕಡೆ ನಡೆದ. ಸ್ಕ್ರೂಗಳನ್ನು ಬಿಚ್ಚಿ ಚೌಕಟ್ಟನ್ನು ಇಳಿಸಿದ. ಒಳಗೆ ಬೆಂಚು ಹಾಕಿಕೊಂಡು ಒಬ್ಬೊಬ್ಬರೇ ಹತ್ತಿ ಇಳಿದೆವು. ಅತ್ತೆಯನ್ನು ಚಿಕ್ಕಪ್ಪನೇ ಎತ್ತಿ ಇಳಿಸಿಕೊಂಡ. ಇಳಿಯುವಾಗ ಅವರು ಅವನ ಕಿವಿ ಹಿಂಡಲು ಮರೆಯಲಿಲ್ಲ.

ಕೊನೆಗೆ ಗುರುಗಳು. ತಲೆ ಬಂತು, ಭುಜ ಬಂತು, ಹೊಟ್ಟೆ ಬರಲಿಲ್ಲ. ಒಳಗೂ ಇಲ್ಲ, ಹೊರಗೂ ಇಲ್ಲ. ಚಿಕ್ಕಪ್ಪ ಎರಡೂ ಕೈ ಹಿಡಿದು ಎಳೆದ.

"ಅಯ್ಯಯ್ಯೋ ದೇವರೇ, ಎಲ್ಲಿದ್ದೀಯಪ್ಪಾ, ಕಾಪಾಡೋ!" ಎಂದು ಗುರುಗಳು ಬೀದಿಗೆಲ್ಲ ಕೇಳುವ ಹಾಗೆ ಕೂಗಿಕೊಂಡರು.

"ಹಾಂ, ಇದು! ನಾನು ಹೇಳೋದೂ ಇಷ್ಟೇ ಗುರುಗಳೇ. ಈಗ ಉಸಿರು ಬಿಡಿ."

ಗುರುಗಳು ಉಸಿರು ಬಿಟ್ಟರು, ಚಿಕ್ಕಪ್ಪನ ಮೇಲೆಯೇ ಬಂದು ಬಿದ್ದರು. ಇಬ್ಬರೂ ಮಣ್ಣಿನಲ್ಲಿ ಕೂತು ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಗುರುಗಳು.

ಚಿಕ್ಕಪ್ಪ ಆಮೇಲೂ ಪ್ರಾರ್ಥನೆಗೆ ಹೋಗಲಿಲ್ಲ. ಗುರುಗಳೇ ಆಗಾಗ ಅಂಗಡಿಗೆ ಬಂದು ಕೂರತೊಡಗಿದರು. ಕ್ರಮದ ಮಾತು ಎತ್ತುತ್ತಿರಲಿಲ್ಲ ಎಂದಲ್ಲ, ಎತ್ತುತ್ತಿದ್ದರು. ಆದರೆ ಚಿಕ್ಕಪ್ಪ ದೇವರನ್ನು ಬೈಯಲು ಶುರು ಮಾಡಿದರೆ ಮಾತು ನಿಲ್ಲಿಸಿ ಕೇಳುತ್ತಿದ್ದರು.

ಗಂಡ ದೇವರನ್ನು ಬೈದದ್ದನ್ನು ಮಂದಿರದವರೆಲ್ಲ ಕೇಳಿಸಿಕೊಂಡರಲ್ಲ ಎಂಬ ನಾಚಿಕೆ ಚಿಕ್ಕಮ್ಮನಿಗೆ ಮಾತ್ರ ಬಹಳ ದಿನ ಹೋಗಲಿಲ್ಲ. ಒಂದು ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಅವಳು ಒಲೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು, "ಒಂದು ಕ್ಷಣ ಆಚೆ ತಿರುಗಿದ್ರೆ ಹಾಲು ಉಕ್ಕಿಸ್ತೀಯಲ್ಲ, ನಿನಗೆ ಬೇರೆ ಕೆಲಸ ಇಲ್ವಾ?" ಎನ್ನುತ್ತಿದ್ದಳು.

"ಯಾರ ಜೊತೆ ಚಿಕ್ಕಮ್ಮ?"

ಅವಳು ಬೆಚ್ಚಿ ತಿರುಗಿದಳು. "ಒಲೆ ಜೊತೆ ಕಣೋ. ನಿಮ್ಮ ಚಿಕ್ಕಪ್ಪನಿಗೆ ಹೇಳಿದ್ರೆ ನೋಡು!"