ಹಳಿಯ ಪಕ್ಕದ ಬೇಲಿ

ಅವನನ್ನು ಎಲ್ಲರೂ ಬಿಗಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅವನದು ಒಂದೇ ಕಸುಬು, ಕಂಬ ನೆಟ್ಟು ಜಾಲರಿ ಬಿಗಿಯುವುದು. ಕೋಳಿ ಫಾರಂ, ಶಾಲೆಯ ಮೈದಾನ, ಗೋದಾಮು, ಜಗಳವಾಡಿ ಪಾಲು ಮಾಡಿಕೊಂಡ ಹಿತ್ತಿಲು, ಎಲ್ಲಿಗೆ ಕರೆದರೂ ಹೋಗುತ್ತಿದ್ದ. ಬೇರೆಯವರು ಹಾಕಿದ ಬೇಲಿ ಎರಡು ವರ್ಷಕ್ಕೆಲ್ಲ ಹೊಟ್ಟೆ ಬಿಟ್ಟುಕೊಂಡು ನಿಲ್ಲುತ್ತಿತ್ತು. ಇವನದು ಹಾಗಲ್ಲ. ಮೂಲೆ ಕಂಬಕ್ಕೆ ಓರೆಯಾಗಿ ಆನಿಕೆಯ ಕಂಬ ಕೊಡುತ್ತಿದ್ದ. ಬುಡದ ಕಾಂಕ್ರೀಟು ಏಳು ದಿನ ನೀರು ಕುಡಿದು ಗಟ್ಟಿಯಾಗುವ ತನಕ, ಯಾರು ಎಷ್ಟೇ ಅವಸರ ಮಾಡಿದರೂ ತಂತಿಗೆ ಕೈ ಹಾಕುತ್ತಿರಲಿಲ್ಲ. "ಕಂಬ ಅಲ್ಲಾಡಿದ್ರೆ ಅದು ಬೇಲಿ ಅಲ್ಲ, ಬಟ್ಟೆ ಒಣಗಿಸೋ ಹಗ್ಗ" ಎನ್ನುತ್ತಿದ್ದ.

ಅವನ ಮನೆ ರೈಲು ಹಳಿಯ ಈಚೆ, ಅಕ್ಕನ ಮನೆ ಆಚೆ. ಅಮ್ಮ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹನ್ನೊಂದು. ಅವನಿಗೆ ತುತ್ತು ಕೊಟ್ಟವಳೂ ಅವಳೇ, ಬೆನ್ನಿಗೆ ಗುದ್ದಿದವಳೂ ಅವಳೇ. ಈಗ ಅವಳು ಒಂಟಿ. ದರ್ಜಿ ಕೆಲಸ ಮಾಡಿಕೊಂಡಿದ್ದಳು. ದಿನವೂ ಮಧ್ಯಾಹ್ನ ಹೊಲಿಗೆ ಮುಗಿಸಿ, ಎರಡೂ ಕಡೆ ನೋಡಿಕೊಂಡು ಹಳಿ ದಾಟಿ, ನಾಲ್ಕು ನಿಮಿಷದಲ್ಲಿ ತಮ್ಮನ ಮನೆ ಸೇರುತ್ತಿದ್ದಳು. ತಮ್ಮನ ಹೆಂಡತಿಯ ಜೊತೆ ಸಂಜೆಯ ತನಕ ಹರಟೆ. ಮಂಡಿ ನೋವಿದ್ದರೂ ಈ ನಡಿಗೆ ತಪ್ಪಿಸಿದವಳಲ್ಲ.

ಆ ವರ್ಷ ಅದೇ ಜಾಗದಲ್ಲಿ ಮೂವರು ರೈಲಿಗೆ ಸಿಕ್ಕಿ ಸತ್ತರು. ಕೊನೆಯವಳು ಹಾಲಿನವನ ಹೆಂಡತಿ. ಮರುವಾರವೇ ಹಳಿಯ ಈಚೆಗೆ ಎರಡು ಕಿಲೋಮೀಟರ್ ಉದ್ದ, ಎಂಟಡಿ ಎತ್ತರದ ಬೇಲಿ ಹಾಕಬೇಕೆಂದು ಆದೇಶವಾಯಿತು. ಗುತ್ತಿಗೆದಾರ ಕೆಲಸ ಒಪ್ಪಿಸಿದ್ದು ಬಿಗಿ ಮೇಸ್ತ್ರಿಗೆ.

ನಕ್ಷೆಯಲ್ಲಿ ಎಲ್ಲೂ ದಾರಿ ಬಿಟ್ಟಿರಲಿಲ್ಲ. ದಾಟಬೇಕೆಂದರೆ ಸ್ಟೇಷನ್ನಿನ ಮೇಲ್ಸೇತುವೆಗೇ ಹೋಗಬೇಕು. ಅದಕ್ಕೆ ಒಂದೊಂದು ಕಡೆ ನಲವತ್ತೆಂಟು ಮೆಟ್ಟಿಲು. ಮೇಸ್ತ್ರಿ ಟೋಪಿ ಕೈಯಲ್ಲಿ ಹಿಡಿದು ರೈಲ್ವೆ ಇಂಜಿನಿಯರ್ ಮೇಡಂ ಎದುರು ನಿಂತ.

"ಮೇಡಂ, ಒಬ್ಬರು ನುಸುಳೋವಷ್ಟು ಚಿಕ್ಕ ಗೇಟು ಒಂದು ಇಟ್ಟುಬಿಡೋಣ. ವಯಸ್ಸಾದವರಿದ್ದಾರೆ, ಮೆಟ್ಟಿಲು ಹತ್ತೋಕಾಗಲ್ಲ."

ಆಕೆ ಗದರಲಿಲ್ಲ. "ಸತ್ತ ಮೂವರಲ್ಲಿ ಇಬ್ಬರು ವಯಸ್ಸಾದವರೇ ಮೇಸ್ತ್ರಿ. ಗೇಟು ಇಟ್ಟರೆ ಬೇಲಿ ಯಾಕೆ ಹಾಕೋದು ಹೇಳಿ?"

ಅವನು ಟೋಪಿ ಹಾಕಿಕೊಂಡು ಹೊರಟ. ಆಕೆ ಹೇಳಿದ್ದರಲ್ಲಿ ತಪ್ಪು ಹುಡುಕಲು ಮನೆಗೆ ಹೋಗುವ ದಾರಿಯುದ್ದಕ್ಕೂ ಪ್ರಯತ್ನಪಟ್ಟ. ಸಿಗಲಿಲ್ಲ.

ಹತ್ತಡಿಗೊಂದರಂತೆ ಕಂಬ ನಿಂತವು. ಗುಂಡಿ ತೋಡುವ ದಿನಗಳಲ್ಲಿ ಅಕ್ಕ ಕಂಬಗಳ ನಡುವೆಯೇ ನುಸುಳಿ ಬರುತ್ತಿದ್ದಳು. "ಬೇಗ ಮುಗಿಸಬೇಡ ಕಣೋ, ಯಾವತ್ತಾದರೂ ಒಂದು ಸಲ ಸೋಮಾರಿಯಾಗು" ಎಂದು ನಗಿಸುತ್ತಿದ್ದಳು. ಮೇಲೆ, ನಡುವೆ, ಕೆಳಗೆ ಮೂರು ತಂತಿ ಎಳೆದು, ಜಾಲರಿಯ ಸುರುಳಿ ಬಿಚ್ಚಿ, ತುದಿಗೆ ಕಬ್ಬಿಣದ ಸರಳು ಪೋಣಿಸಿ, ಅವನು ಹಲ್ಲುಚಕ್ರದ ಕೈಯಂತ್ರದಿಂದ ಒಂದೊಂದೇ ಹಲ್ಲು ಬಿಗಿಯುತ್ತ ಬಂದ. ಅಕ್ಕ ಬರುವ ಜಾಗದಲ್ಲಿ ಸ್ವಲ್ಪ ಸಡಿಲ ಬಿಟ್ಟರೆ ಹೇಗೆ ಎಂಬ ಯೋಚನೆ ಬಂದಿತ್ತು. ಕೈ ಕೇಳಲಿಲ್ಲ. ಅಂಗೈಯಿಂದ ತಳ್ಳಿ ನೋಡಿದ, ಜಾಲರಿ ಮಣಿಯಲಿಲ್ಲ.

ಈಚೆ ಬೇಲಿ ಎದ್ದಿತ್ತೇ ಹೊರತು ಆಚೆ ಇನ್ನೂ ಬಯಲು. ಮರುದಿನ ಮಧ್ಯಾಹ್ನ ಅಕ್ಕ ಎಂದಿನಂತೆ ಹಳಿ ದಾಟಿ ಬಂದು ಬೇಲಿಯ ಹಿಂದೆ, ಹಳಿಯ ಬದಿಗೇ ನಿಂತಳು.

"ಅಕ್ಕ, ಇಲ್ಲಿ ನಿಲ್ಲಬಾರದು. ಹೋಗು."

"ಮಾತಾಡಿಸಿ ಹೋಗ್ತೀನಿ. ನಿನ್ನ ಹೆಂಡತಿನ ಕರಿ."

ಅವನು ಬೈದ, ಬೇಡಿಕೊಂಡ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗೆ ಒಂದು ವಾರ ನಡೆಯಿತು. ಎಂಟನೆಯ ದಿನ ಅವನು ಬೇಲಿಯುದ್ದಕ್ಕೂ ಕಟ್ಟುತಂತಿಯ ಗಂಟುಗಳನ್ನು ಪರೀಕ್ಷಿಸುತ್ತಿದ್ದಾಗ ಅವಳು ಊಟದ ಡಬ್ಬಿ ಹಿಡಿದು ಬಂದಳು. ಕಿಂಡಿಯಲ್ಲಿ ಡಬ್ಬಿ ತೂರದು, ಮೇಲಿಂದ ದಾಟಿಸಲು ಅವಳ ಕೈ ಎಟುಕದು. ಅದನ್ನೇ ನೆಪ ಮಾಡಿಕೊಂಡು ಅವಳು ನಗುತ್ತಿರುವಾಗ ತಿರುವಿನ ಆಚೆ ರೈಲು ಕೂಗಿತು.

ವಾಪಸ್ ದಾಟಲು ಅವಳಿಗೆ ಹೊತ್ತಿರಲಿಲ್ಲ. ಅವಸರದಲ್ಲಿ ತಿರುಗಿದಾಗ ಮಂಡಿ ಹಿಡಿದುಕೊಂಡು, ಜಲ್ಲಿಕಲ್ಲಿನ ಮೇಲೆ ಕುಸಿದು ಕೂತಳು. ಮೇಸ್ತ್ರಿಗೆ ಗೊತ್ತಿತ್ತು, ಜಾಲರಿಯ ಒಂದೇ ಎಳೆಯನ್ನು ತುದಿಯಲ್ಲಿ ಬಿಡಿಸಿ ತಿರುಗಿಸುತ್ತ ಎಳೆದರೆ ಜಾಲರಿ ಅಲ್ಲಿ ಇಬ್ಭಾಗವಾಗಿ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತದೆ. ನೂರಾರು ಸಲ ಮಾಡಿದ್ದ. ಇಕ್ಕಳ ಹಾಕಿ ಎಳೆಯ ತುದಿ ಬಿಡಿಸಿದ, ತಿರುಗಿಸಿದ. ಎಳೆ ಅಲ್ಲಾಡಲಿಲ್ಲ. ಅವನೇ ಬಿಗಿದ ಬಿಗಿತಕ್ಕೆ ಎಳೆಗಳು ಒಂದನ್ನೊಂದು ಕಚ್ಚಿ ಹಿಡಿದಿದ್ದವು. ಇಕ್ಕಳ ಜಾರಿ ಕೈ ಸೀಳಿತು.

"ಬೇಲಿ ಹಿಡ್ಕೋ ಅಕ್ಕ. ಬೇಲಿಗೆ ಅಂಟಿಕೋ. ಏಳಬೇಡ."

ಅವಳು ಕಿಂಡಿಗಳಲ್ಲಿ ಬೆರಳು ತೂರಿಸಿದಳು. ಅವನು ಈಚೆಯಿಂದ ಆ ಬೆರಳುಗಳನ್ನು ಹಿಡಿದುಕೊಂಡು ಮಂಡಿಯೂರಿದ. ಅಷ್ಟು ಬಿಟ್ಟರೆ ಅವನ ಕೈಲಿ ಆಗುವುದು ಇನ್ನೇನೂ ಇರಲಿಲ್ಲ. ಹತ್ತೊಂಬತ್ತು ಬೋಗಿಗಳು ಅವಳ ಬೆನ್ನಿನಿಂದ ಐದಾರು ಅಡಿ ದೂರದಲ್ಲಿ ಧಡಧಡ ಹೋದವು. ಬೇಲಿ ಉದ್ದಕ್ಕೂ ನಡುಗಿತು. ಅವಳ ಕಣ್ಣು ಮುಚ್ಚಿತ್ತು, ಅವನದು ತೆರೆದೇ ಇತ್ತು.

ಅಕ್ಕನಿಗೆ ಪೆಟ್ಟೇನೂ ಆಗಲಿಲ್ಲ. ಆದರೆ ಅಂದಿನಿಂದ ಅವಳು ಹಳಿಯ ಕಡೆ ಬರಲಿಲ್ಲ. ರೈಲಿನ ಸದ್ದಿಗೆ ಹೊಲಿಗೆ ಯಂತ್ರದ ಮೇಲಿನ ಕೈ ನಿಂತುಬಿಡುತ್ತಿತ್ತು.

ಎರಡು ತಿಂಗಳ ನಂತರ ಆಚೆಯ ಬದಿಗೂ ಬೇಲಿ ಬೇಕೆಂದರು. ಅದನ್ನೂ ಅವನಿಗೇ ಕೊಟ್ಟರು. ನನ್ನಿಂದಾಗಲ್ಲ ಎನ್ನಬಹುದಿತ್ತು, ಆದರೆ ಅವನಲ್ಲದಿದ್ದರೆ ಇನ್ನೊಬ್ಬ ಹಾಕುತ್ತಿದ್ದ. ಒಪ್ಪಿಕೊಂಡ. ಅಕ್ಕನ ಹಿತ್ತಿಲ ಬಾಗಿಲಿನ ಎದುರು ಜಾಲರಿ ಬಿಗಿಯುವ ಕೆಲಸ ಮೂರು ದಿನವಿತ್ತು. ಅವಳು ಹೊಸ್ತಿಲಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತ ನೋಡುತ್ತಿದ್ದಳು. ಮೂರೂ ದಿನ ಅವನಿಗೆ ಅಲ್ಲೇ ಊಟ.

"ನಾಳೆ ಎಲ್ಲಿ ಕೆಲಸ?" ಎಂದು ಕೇಳಿದಳು ಮೂರನೆಯ ಸಂಜೆ.

"ಮುಂದೆ, ಗೋದಾಮಿನ ಹತ್ತಿರ."

"ಚೆನ್ನಾಗಿ ಬಿಗಿದಿದ್ದೀಯ," ಎಂದಳು. ಅದರಲ್ಲಿ ಕುಹಕವಿತ್ತೋ ಇಲ್ಲವೋ, ಅವನಿಗೆ ತಿಳಿಯಲಿಲ್ಲ.

ಆಮೇಲೆ ಅಲ್ಲಿ ಯಾರೂ ರೈಲಿಗೆ ಸಿಕ್ಕಿ ಸತ್ತಿಲ್ಲ. ಭಾನುವಾರ ಅವನು ಮೆಟ್ಟಿಲು ಹತ್ತಿಳಿದು ಅಕ್ಕನನ್ನು ನೋಡಿ ಬರುತ್ತಾನೆ. ಉಳಿದ ದಿನ ತನ್ನ ಮನೆಯ ಮಾಳಿಗೆಯಿಂದ ಎರಡು ಬೇಲಿಗಳ ಆಚೆ ಅವಳ ಕಿಟಕಿ ನೋಡುತ್ತಾನೆ. ತೆರೆದಿದ್ದರೆ ಅವಳು ಎದ್ದಿದ್ದಾಳೆ ಎಂದರ್ಥ. ಒಂದು ಬೆಳಿಗ್ಗೆ ಒಂಬತ್ತಾದರೂ ಅದು ತೆರೆಯಲಿಲ್ಲ. ಅವನು ಸ್ಟೇಷನ್ನಿನ ಕಡೆ ಓಡಿದ. ಐವತ್ತು ದಾಟಿದ ದೇಹ, ಮೇಲ್ಸೇತುವೆಯ ನಡುವೆ ಎರಡು ಸಲ ಕಂಬಿ ಹಿಡಿದು ನಿಲ್ಲಬೇಕಾಯಿತು. ಮೂವತ್ತು ನಿಮಿಷದ ಮೇಲೆ ಬಾಗಿಲು ಬಡಿದಾಗ ಅಕ್ಕ ಕಣ್ಣುಜ್ಜುತ್ತ ತೆರೆದಳು.

"ಸುಮ್ನೆ ಮಲಗಿಬಿಟ್ಟಿದ್ದೆ ಕಣೋ. ಯಾಕೆ, ಏನಾಯ್ತು?"

ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಏನಿಲ್ಲ ಎಂದು ಕೈಯಾಡಿಸಿ, ಹೊಸ್ತಿಲ ಮೇಲೆ ಕುಳಿತುಬಿಟ್ಟ.