ಬೈರಮ್ಮನ ದೃಷ್ಟಿಬೊಟ್ಟು

ಲಗ್ಗೆರೆಯ ಬೈರಮ್ಮನಿಗೆ ಒಂದು ಚಾಳಿಯಿತ್ತು. ಸಂತೆಯಲ್ಲಿ ಯಾರ ಮಗು ಅತ್ತರೂ ಸರಿ, ಕೈಲಿದ್ದ ಸೊಪ್ಪು ಅಲ್ಲೇ ಬಿಟ್ಟು ಅದನ್ನು ಸೊಂಟಕ್ಕೇರಿಸಿಕೊಳ್ಳುವಳು. ಸೆರಗಿನಿಂದ ಮೂಗು ಒರೆಸಿ, ತನ್ನ ಕಣ್ಣಂಚಿನ ಕಾಡಿಗೆಯನ್ನು ಹೆಬ್ಬೆರಳಿಗೆ ತಗುಲಿಸಿಕೊಂಡು ಅದರ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟುಬಿಡುವಳು. ಊರು ಇನ್ನೂ ಹಳ್ಳಿಯಾಗಿದ್ದಾಗ ಇದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಸಂತೆ ಕೂರುವ ಬಯಲೇ ಆಗ ಅವಳ ಮಾವನ ರಾಗಿ ಹೊಲ. ಪೀಣ್ಯದ ಕಾರ್ಖಾನೆಗಳು ಬಂದವು, ಹೊಲಗಳು ಸೈಟಾದವು, ಎಲ್ಲೆಲ್ಲಿಯದೋ ಜನ ಬಂದು ತುಂಬಿಕೊಂಡರು. ಬೈರಮ್ಮನ ಹೆಬ್ಬೆರಳಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

ತೊಂಬತ್ತಾರರ ಯುಗಾದಿಗೆ ಮುಂಚಿನ ಭಾನುವಾರ ಮುಟ್ಟಿತು. ದಾವಣಗೆರೆ ಕಡೆಯ ಹೇಮಲತಾ, ಇಲ್ಲಿ ಇಂಜಿನಿಯರೊಬ್ಬನ ಹೆಂಡತಿ, ಬದನೆಕಾಯಿ ಆರಿಸುತ್ತಿದ್ದಳು. ಅವಳ ನಾಲ್ಕು ವರ್ಷದ ಮಗಳು ಸ್ಫೂರ್ತಿ ಬಿಸಿಲಿಗೆ ರಚ್ಚೆ ಹಿಡಿದಿತ್ತು. ಬೈರಮ್ಮ ಅದನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಆಚೆ, ಹೊಂಗೆ ಮರದ ನೆರಳಿಗೆ ಹೋಗಿ ಬೊಟ್ಟಿಟ್ಟಳು. ಅವು ಮಕ್ಕಳ ಕಳ್ಳರ ಗುಲ್ಲೆದ್ದಿದ್ದ ದಿನಗಳು.

“ನನ್ನ ಮಗಳನ್ನ ಎತ್ಕೊಂಡು ಎಲ್ಲಿಗೆ ಹೊಂಟೀರಿ?”

ಹೇಮಲತಾ ಮಗುವನ್ನು ಕಿತ್ತುಕೊಂಡಳು. ಕರ್ಚೀಫಿಗೆ ಉಗುಳು ಹಚ್ಚಿ, ಕೆನ್ನೆ ಕೆಂಪಾಗುವಂತೆ ಆ ಬೊಟ್ಟನ್ನು ಉಜ್ಜಿ ತೆಗೆದಳು. “ಇಕಿ ಚೀಲ ನೋಡ್ರಿ ಮೊದ್ಲು” ಎಂದಳು ಸುತ್ತಲಿದ್ದವರಿಗೆ. ಯಾರೋ ಚೀಲ ಕಸಿದು ಬೋರಲು ಹಾಕಿದರು. ಟೊಮೇಟೊ ಉರುಳಿದವು, ಬೇರೇನೂ ಸಿಗಲಿಲ್ಲ. ತಪ್ಪಾಯಿತೆಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಮಾವನ ಹೊಲದಲ್ಲೇ ಮೊಣಕಾಲೂರಿ ಬೈರಮ್ಮ ತನ್ನ ಟೊಮೇಟೊ ಆರಿಸಿಕೊಂಡಳು.

ಅಂದಿನಿಂದ ಅವಳು ಸಂತೆಗೆ ಹೋಗುತ್ತಿದ್ದುದು ತರಕಾರಿಗಲ್ಲ, ಆ ಹೆಂಗಸನ್ನು ಹುಡುಕಲು. ಮುದ್ದೆ ತಿರುವುವಾಗ ನೆನಪಾದರೆ ಕೋಲು ಮುರಿಯುವಂತೆ ತಿರುವುವಳು.

“ಓಗ್ಲಿ ಬುಡು, ಎತ್ತ ತಾಯ್ಗೆ ಭಯ ಇರ್ತದೆ” ಎಂದ ಗಂಡ ಮುನಿಯಣ್ಣ.

“ಅದೇ ಜಾಗ್ದಾಗೆ, ಅಷ್ಟೇ ಜನದ ಮುಂದೆ ಅವ್ಳು ತಲೆ ತಗ್ಗಿಸ್ಬೇಕು. ಅಲ್ಲೀಗಂಟ ಬುಡಲ್ಲ” ಎಂದಳು ಬೈರಮ್ಮ.

ಶ್ರಾವಣದಲ್ಲಿ ಆ ಭಾನುವಾರ ಬಂತು. ಕೊತ್ತಂಬರಿ ಮೂಟೆಗಳ ಮರೆಯಲ್ಲಿ ಸ್ಫೂರ್ತಿ ಒಂಟಿಯಾಗಿ ಅಳುತ್ತಿತ್ತು. ಹಿಂದೆಯೇ ಲಾರಿ ಓಡಾಡುವ ರಸ್ತೆ. ಸಂತೆಯ ಆ ತುದಿಯಲ್ಲಿ ಹೇಮಲತಾ ಕಂಡಕಂಡವರನ್ನು ಹಿಡಿದು ಮಗಳನ್ನು ಕಂಡಿರಾ ಎಂದು ಕೇಳುತ್ತಿದ್ದಳು. ಬೈರಮ್ಮನಿಗೆ ಇಬ್ಬರೂ ಕಂಡರು. ಒಂದು ಕೂಗು ಹಾಕಿದ್ದರೆ ಸಾಕಿತ್ತು, ಹಾಕಲಿಲ್ಲ. ಮಗು ರಸ್ತೆಗಿಳಿಯದಂತೆ ಅಡ್ಡ ನಿಂತು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮಗು ಸೆರಗು ಜಗ್ಗಿ “ಎತ್ಕೋ ಅಜ್ಜಿ” ಎಂದರೂ ಬಗ್ಗಲಿಲ್ಲ. ಹೇಮಲತಾ ಇಡೀ ಸಂತೆಯನ್ನು ಮೂರು ಸುತ್ತು ಓಡಿದಳು. ನೋಡುತ್ತಾ ನೋಡುತ್ತಾ ಬೈರಮ್ಮನ ಹೊಟ್ಟೆ ತಣ್ಣಗಾಯಿತು.

ಕೊನೆಗೆ ಹೇಮಲತಾ ಏದುಸಿರು ಬಿಡುತ್ತಾ ಬಂದು ಮಗಳನ್ನು ತಬ್ಬಿಕೊಂಡಳು. ತಲೆಯೆತ್ತಿದಾಗ ಎದುರಿಗೆ ಯಾರೆಂದು ಗುರುತು ಹತ್ತಿತು. ಅಷ್ಟರಲ್ಲಿ ಜನ ಸೇರಿದ್ದರು. ಬೈರಮ್ಮ ತಾನೇ ಚೀಲವನ್ನು ಬೋರಲು ಹಾಕಿದಳು.

“ನೋಡ್ಕಳಿ ಮೇಡಂ. ನಿಮ್ ಮಗೀನ ಮುಟ್ಟಿಲ್ಲ ನಾನು.”

ಹೇಮಲತಾ ಮೊಣಕಾಲೂರಿ, ಒಂದೊಂದೇ ಟೊಮೇಟೊ ಆರಿಸಿ ಚೀಲಕ್ಕೆ ತುಂಬಿದಳು. “ಅವತ್ತು ನಂದು ತಪ್ಪಾತ್ರಿ ಅಮ್ಮಾ” ಎಂದಳು, ತಲೆ ತಗ್ಗಿಸಿಯೇ. ಬೈರಮ್ಮ ಐದು ತಿಂಗಳು ಕಾದಿದ್ದು ಈ ಮಾತಿಗೇ.

ಸ್ಫೂರ್ತಿ ಮುಂದೆ ಬಂದು ಒದ್ದೆ ಕೆನ್ನೆ ಒಡ್ಡಿತು. “ಅಜ್ಜಿ, ಬೊಟ್ಟು.”

“ಇಡ್ರಿ” ಎಂದಳು ತಾಯಿ.

ಬೈರಮ್ಮನ ಹೆಬ್ಬೆರಳು ಅವಳನ್ನು ಕೇಳದೆಯೇ ಕಣ್ಣಂಚಿಗೆ ಹೋಗಿ ಕಾಡಿಗೆ ತಂದಾಗಿತ್ತು. ಅವಳು ಆ ಬೆರಳನ್ನೊಮ್ಮೆ ನೋಡಿದಳು. ತನ್ನ ಸೆರಗಿಗೇ ಒರೆಸಿಕೊಂಡು, ಚೀಲ ಎತ್ತಿಕೊಂಡು ಹೊರಟಳು. ಮಗುವಿನ ಅಳು ರಸ್ತೆಯ ತಿರುವಿನವರೆಗೂ ಕೇಳುತ್ತಿತ್ತು.